ದ್ವೀಪ ಅಂದಮೇಲೆ ಎಲ್ಲರೂ ಮೀನುಗಾರರೇ ಅಲ್ವಾ?

ಪಾಂಟೆಲೇರಿಯಾ ದ್ವೀಪದ ಮಾತೆತ್ತಿದರೆ ಸಾಕು, ಮೊದಲು ಬರುವ ಪ್ರಶ್ನೆ ಇದೇ: "ಸುತ್ತ ಸಮುದ್ರ. ಅಲ್ಲಿಯವರೆಲ್ಲ ಮೀನು ಹಿಡಿದೇ ಬದುಕ್ತಾರಾ?"

ಇಲ್ಲ, ಅವರು ರೈತರು. ಮೀನುಗಾರರೂ ಇದ್ದಾರೆ, ಆದರೆ ಆ ದ್ವೀಪದ ಮನೆ, ಊಟ, ದುಡಿಮೆ ಎಲ್ಲ ಬೆಳೆದು ಬಂದದ್ದು ಬೇಸಾಯದ ಸುತ್ತ.

ಪಾಂಟೆಲೇರಿಯಾ ಇಟಲಿಗೆ ಸೇರಿದ್ದು. ಸಿಸಿಲಿಯಿಂದ ಸುಮಾರು 100 ಕಿ.ಮೀ. ದೂರ, ಉತ್ತರ ಆಫ್ರಿಕಾದ ಟುನೀಷಿಯಾವೇ ಹತ್ತಿರ. ವಿಸ್ತೀರ್ಣ ಸುಮಾರು 83 ಚದರ ಕಿ.ಮೀ., ನಡುವೆ 836 ಮೀಟರ್ ಎತ್ತರದ ಬೆಟ್ಟ. ಜ್ವಾಲಾಮುಖಿಯಿಂದಲೇ ಹುಟ್ಟಿದ ನೆಲ. ಕರಾವಳಿ ಬಹುಪಾಲು ಕಡಿದಾದ ಕಪ್ಪು ಬಂಡೆ, ದೋಣಿ ನಿಲ್ಲಿಸಲು ಜಾಗ ಕಡಿಮೆ. ಕಡಲ್ಗಳ್ಳರ ಕಾಟ ಬೇರೆ. ಒಳಗಿನ ಮಣ್ಣೋ ಫಲವತ್ತು. ಜನ ಕಡಲಿಗೆ ಬೆನ್ನು ಹಾಕಿ ಒಳನಾಡು ಹಿಡಿದದ್ದು ಸಹಜವೇ.

ಕಷ್ಟವೆಂದರೆ ಅಲ್ಲಿ ಹೊಳೆಯಿಲ್ಲ, ಮಳೆ ಕಡಿಮೆ, ಗಾಳಿ ಮಾತ್ರ ಬಿಡುವಿಲ್ಲದೆ ಬೀಸುತ್ತದೆ. ಅದಕ್ಕೇ ಅಲ್ಲಿನ ಜಿಬಿಬ್ಬೊ ಎಂಬ ತಳಿಯ ದ್ರಾಕ್ಷಿಯನ್ನು ಚಪ್ಪರಕ್ಕೆ ಹಬ್ಬಿಸುವುದಿಲ್ಲ. ನೆಲದಲ್ಲಿ ತಗ್ಗು ತೋಡಿ, ಅದರೊಳಗೆ ಗಿಡವನ್ನು ಗಿಡ್ಡವಾಗಿ, ಪೊದೆಯಂತೆ ಸವರಿ ಬೆಳೆಸುತ್ತಾರೆ. ಗಾಳಿ ಮೇಲಿಂದ ದಾಟಿಹೋಗುತ್ತದೆ, ಬಿದ್ದ ಹನಿ ಬೇರಿಗೆ ಇಳಿಯುತ್ತದೆ. ಯಂತ್ರ ನುಗ್ಗಲಾರದ ಕೆಲಸ. ಎಲ್ಲ ಬಗ್ಗಿ, ಕೈಯಲ್ಲೇ ಮಾಡಬೇಕು. ಈ ಪದ್ಧತಿಯನ್ನು 2014ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬಿಸಿಲಿಗೆ ಹರವಿ ಒಣಗಿಸಿದ ಇದೇ ದ್ರಾಕ್ಷಿಯಿಂದ ಆಗುವುದು ಪಾಸಿಟೊ ಎಂಬ ಸಿಹಿ ವೈನ್.

ನನಗೆ ಇದಕ್ಕಿಂತಲೂ ದೊಡ್ಡದಾಗಿ ಕಾಣುವುದು ಅವರ 'ಜಾರ್ದಿನೊ', ಅಂದರೆ ತೋಟ. ಆಳೆತ್ತರ ಮೀರಿದ ದುಂಡು ಗೋಡೆ, ಗಾರೆಯಿಲ್ಲದೆ ಲಾವಾ ಕಲ್ಲು ಪೇರಿಸಿದ್ದು, ಒಳಹೋಗಲು ಒಂದು ಸಣ್ಣ ಬಾಗಿಲು. ನಮ್ಮ ತೆರೆದ ಬಾವಿಯನ್ನು ನೆಲದ ಮೇಲೆ ಎತ್ತಿ ಇಟ್ಟಂತಿರುತ್ತದೆ. ಒಳಗೆ ಹಲವು ಕಡೆ ಇರುವುದು ಒಂದೇ ಒಂದು ಕಿತ್ತಳೆ ಅಥವಾ ನಿಂಬೆ ಮರ! ಗೋಡೆ ಗಾಳಿ ತಡೆಯುತ್ತದೆ, ರಾತ್ರಿ ಕಲ್ಲಿನ ಮೇಲೆ ಕೂತ ತೇವ ಮಣ್ಣಿಗೆ ಇಳಿಯುತ್ತದೆ. ಒಂದು ಮರಕ್ಕೆ ಇಷ್ಟು ಕಲ್ಲು ಹೊತ್ತವರ ಬಗ್ಗೆ ನನಗೆ ಅಪಾರ ಗೌರವ.

ಮನೆಗಳೂ ಅದೇ ಲೆಕ್ಕ. ದಮ್ಮೂಸೊ ಎನ್ನುವ ಆ ಮನೆಗಳ ಗೋಡೆ ಬಲು ದಪ್ಪ, ಸೂರು ಗುಮ್ಮಟದಂತೆ ಉಬ್ಬಿದ್ದು. ಅದರ ಮೇಲೆ ಬಿದ್ದ ಮಳೆನೀರು ಹರಿದು ನೀರಿನ ತೊಟ್ಟಿಗೆ ಸೇರುತ್ತದೆ. ಈಗ ಸಮುದ್ರದ ನೀರಿನ ಉಪ್ಪು ತೆಗೆಯುವ ಘಟಕಗಳಿವೆ. ಬಂದರಿನ ಪಟ್ಟಣದಲ್ಲಿ ಮಾತ್ರ ಹಳೆಯ ಕಟ್ಟಡಗಳು ಅಪರೂಪ: 1943ರ ಜೂನ್ 11ರಂದು ದ್ವೀಪ ಶರಣಾಗುವ ಮೊದಲು ಮಿತ್ರರಾಷ್ಟ್ರಗಳ ಬಾಂಬ್ ದಾಳಿ ಅದನ್ನು ನುಚ್ಚುನೂರು ಮಾಡಿತ್ತು.

ಊಟದ ತಟ್ಟೆಯಲ್ಲೂ ಹೊಲವೇ. ಬೇಯಿಸಿದ ಆಲೂಗಡ್ಡೆ, ಟೊಮೆಟೊ, ಈರುಳ್ಳಿ, ಆಲಿವ್, ಮೇಲೆ ಕೇಪರ್. ಈ ಕೇಪರ್ ಒಂದು ಪೊದೆಯ ಮೊಗ್ಗು. ಬೇಸಿಗೆಯಲ್ಲಿ ಅರಳುವ ಮೊದಲೇ ಒಂದೊಂದಾಗಿ ಬಿಡಿಸಿ ಉಪ್ಪಿನಲ್ಲಿ ಹಾಕಿಡುತ್ತಾರೆ. ಮೀನು ಹಾಕಿದ ಕುಸ್ಕುಸ್ (ಗೋಧಿ ರವೆಯ ಸಣ್ಣ ಕಾಳುಗಳ ಅಡುಗೆ) ಕೂಡ ಉಂಟು, ಅದು ಉತ್ತರ ಆಫ್ರಿಕಾದ ನಂಟು.

ಹಾಗಾಗಿ ಅಲ್ಲಿಗೆ ಹೋಗುವವರಿಗೆ ನಾನು ಹೇಳುವುದಿಷ್ಟೇ: ಕಡಲತೀರದಲ್ಲೇ ರಜೆ ಮುಗಿಸಬೇಡಿ. ಖಮ್ಮಾ ಎಂಬ ಹಳ್ಳಿಯ ಕಡೆ ನಡೆದು ಹೋಗಿ, ಹೊಲಗಳ ನಡುವೆ. ದುಡಿಯುವ ಕೈಗಳು ಕಡಿಮೆಯಾಗಿ ಎಷ್ಟೋ ದ್ರಾಕ್ಷಿತೋಟಗಳು ಪಾಳು ಬಿದ್ದಿವೆ. ಉಳಿದವುಗಳನ್ನು ಈಗಲೇ ನೋಡಬೇಕು.