ಹಾನ್ಲೆಗೆ ನಕ್ಷತ್ರದ ಫೋಟೊ ತೆಗೆಯಲು ಹೊರಟಿದ್ದೀರಾ? ಡೋಮ್ ಬೇಡ, ಕಲ್ಲು ತುಂಬಿದ ಚೀಲ ಸಾಕು

ಮೊದಲು ದುಡ್ಡು ಕಳೆದುಕೊಂಡ ಕತೆ ಹೇಳಿಬಿಡುತ್ತೇನೆ. 2023ರ ಸೆಪ್ಟೆಂಬರ್ ಅಮಾವಾಸ್ಯೆಗೆ ಸರಿಯಾಗಿ ನಾನು ಲಡಾಖ್‌ನ ಹಾನ್ಲೆಗೆ ಹೊರಟಿದ್ದೆ. ಊರು ಸೇರುವ ಮುಂಚೆ ಸಿಗುವ ಒಂದು ಕ್ಯಾಂಪಿನಲ್ಲಿ ಪಾರದರ್ಶಕ ಡೋಮ್, ಅಂದರೆ ಗುಮ್ಮಟದ ಆಕಾರದ ಟೆಂಟ್, ಬುಕ್ ಮಾಡಿದ್ದೆ. ಒಂದು ರಾತ್ರಿಗೆ 7,500 ರೂಪಾಯಿ. ಹಾಸಿಗೆಯಲ್ಲೇ ಮಲಗಿ ಆಕಾಶಗಂಗೆ ನೋಡಬಹುದು ಅಂತ ಜಾಹೀರಾತಿನಲ್ಲಿತ್ತು. ಹೊರಗೆ ಕೊರೆಯುವ ಚಳಿ, ಒಳಗೆ ಹೀಟರ್. ಒಂಬತ್ತು ಗಂಟೆಯಷ್ಟರಲ್ಲಿ ಡೋಮ್‌ನ ಒಳಮೈ ತುಂಬಾ ಹನಿ ಹನಿ ನೀರು. ಟವೆಲಿನಲ್ಲಿ ಒರೆಸಿದೆ. ಹತ್ತು ನಿಮಿಷಕ್ಕೆ ಮತ್ತೆ ಮಂಜು. ನಮ್ಮ ಉಸಿರೇ ಆವಿಯಾಗಿ ಅಲ್ಲಿ ಕೂರುತ್ತದೆ, ಯಾರೇನು ಮಾಡಲು ಸಾಧ್ಯ?

ಸರಿ, ಕ್ಯಾಮೆರಾ ಹಿಡಿದು ಹೊರಗೆ ಬಂದೆ. ಡೋಮ್‌ಗಳ ನಡುವಿನ ದಾರಿಯುದ್ದಕ್ಕೂ ಬಿಳಿ ಎಲ್‌ಇಡಿ ದೀಪದ ಮಾಲೆ. ಆರಿಸಿ ಅಂತ ಎರಡು ಸಲ ಕೇಳಿದೆ. ಹನ್ನೊಂದಕ್ಕೆ ಜನರೇಟರ್ ನಿಲ್ಲುತ್ತದೆ, ಆಗ ತಾನಾಗಿಯೇ ಆರುತ್ತದೆ ಅಂದರು. ಆದರೆ ಸೆಪ್ಟೆಂಬರ್ ಮಧ್ಯದಲ್ಲಿ ಹನ್ನೊಂದರ ಹೊತ್ತಿಗೆ ಆಕಾಶಗಂಗೆಯ ನಡುಭಾಗ ಮುಳುಗಿಯೇ ಹೋಗಿರುತ್ತದೆ. ಅಷ್ಟು ದೂರದಿಂದ ಅದನ್ನೇ ಹಿಡಿಯಲು ಬಂದವನು ನಾನು. ಆ ರಾತ್ರಿ ನಿಜಕ್ಕೂ ಅಳು ಬಂದಿತ್ತು.

ಆದ್ದರಿಂದ ಹಾನ್ಲೆ ಹಳ್ಳಿಯೊಳಗೇ ಯಾರದಾದರೂ ಮನೆಯಲ್ಲಿ ಉಳಿಯಿರಿ. 2022ರ ಡಿಸೆಂಬರ್‌ನಲ್ಲಿ ಇಲ್ಲಿನ 1,073 ಚದರ ಕಿಲೋಮೀಟರ್ ಜಾಗವನ್ನು ಡಾರ್ಕ್ ಸ್ಕೈ ರಿಸರ್ವ್, ಅಂದರೆ ರಾತ್ರಿಯ ಕತ್ತಲೆಯನ್ನು ಕಾಪಾಡುವ ಪ್ರದೇಶ, ಅಂತ ಘೋಷಿಸಿದರು. ಊರಿನವರಿಗೆ ಕತ್ತಲೆಯ ಬೆಲೆ ಗೊತ್ತಿದೆ. ನಾನು ಉಳಿದ ಮನೆಯ ಆಮಾ-ಲೇ (ಲಡಾಖಿನಲ್ಲಿ ಅಮ್ಮನನ್ನು ಹೀಗೆ ಕರೆಯುತ್ತಾರೆ) ಸಂಜೆ ಆದ ಕೂಡಲೇ ಕಿಟಕಿಗೆ ದಪ್ಪ ಪರದೆ ಎಳೆಯುತ್ತಿದ್ದರು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಇಲ್ಲಿನ ಯುವಕ ಯುವತಿಯರಿಗೆ ತರಬೇತಿ ಕೊಟ್ಟು, ಟೆಲಿಸ್ಕೋಪನ್ನೂ ಕೊಟ್ಟಿದ್ದಾರೆ. ಮೊದಲ ರಾತ್ರಿ ಅವರಲ್ಲಿ ಒಬ್ಬರ ಜೊತೆ ಒಂದು ಗಂಟೆ ಕಳೆಯಿರಿ. ಯಾವ ಕಡೆ ಬೆಟ್ಟ ಅಡ್ಡ ಬರುತ್ತದೆ, ಯಾವ ದಾರಿಯಲ್ಲಿ ಗಾಡಿಗಳ ಹೆಡ್‌ಲೈಟ್ ಬೀಳುತ್ತದೆ, ಎಲ್ಲ ಅವರಿಗೆ ಗೊತ್ತು. ಯಾವ ಆ್ಯಪ್‌ನಲ್ಲೂ ಇದು ಸಿಗುವುದಿಲ್ಲ.

ಲೇಹ್‌ನಲ್ಲಿ ಮೂರು ದಿನ ಇದ್ದೆ, ಅದರ ಬಗ್ಗೆ ಬರೆಯುವುದಿಲ್ಲ. ಆದರೆ ಆ ದಿನಗಳನ್ನು ಕಡಿಮೆ ಮಾಡಬೇಡಿ, ಎತ್ತರದ ತೆಳು ಗಾಳಿಗೆ ಮೈ ಹೊಂದಿಕೊಳ್ಳಲು ಅವು ಬೇಕು. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಹಾನ್ಲೆಯ ವೀಕ್ಷಣಾಲಯ 4,500 ಮೀಟರ್‌ನಲ್ಲಿದೆ. ರಾತ್ರಿಯಿಡೀ ನಿಂತು ಕೆಲಸ ಮಾಡಬೇಕಾದವರಿಗೆ ಉಸಿರೇ ಮೊದಲ ಸಾಮಾನು.

ಲೇಹ್‌ನಿಂದ ಹಾನ್ಲೆಗೆ ಹೋಗುವ ದಾರಿಯಲ್ಲಿ ನ್ಯೋಮಾ ಅನ್ನುವ ಊರಿನಲ್ಲಿ ಗಾಡಿ ನಿಲ್ಲಿಸಿ. ರಸ್ತೆ ಬದಿಯಲ್ಲಿ ತಗಡಿನ ಛಾವಣಿಯ ಒಂದು ಪುಟ್ಟ ಹೋಟೆಲ್ ಇದೆ. ಮೂರೇ ಟೇಬಲ್, ಹೊರಗೆ ಬೋರ್ಡೂ ಇಲ್ಲ. ಅಲ್ಲಿ ಚೂಟಗಿ ತಿಂದೆ. ಗೋಧಿ ಹಿಟ್ಟನ್ನು ಲಟ್ಟಿಸಿ, ಚಿಕ್ಕ ಚಿಕ್ಕ ಬಿಲ್ಲೆ ಮಾಡಿ, ಬೆರಳಿನಲ್ಲಿ ಚಿವುಟಿ ಬೋ ಟೈ ಥರ ಮಡಿಸುತ್ತಾರೆ. ಅದನ್ನು ಆಲೂಗಡ್ಡೆ, ಸೊಪ್ಪಿನ ಜೊತೆ ಗಟ್ಟಿ ಸಾರಿನಲ್ಲಿ ಬೇಯಿಸುತ್ತಾರೆ. ನಾನು ಕೂತ ಮೇಲೇ ಆ ಅಮ್ಮ ಹಿಟ್ಟು ಮಡಿಸಲು ಶುರು ಮಾಡಿದ್ದು. ಅರ್ಧ ಗಂಟೆ ಕಾದೆ. ಬಟ್ಟಲು ಬಂದಾಗ ಕೈ ಬೆರಳುಗಳಿಗೆ ಜೀವ ಬಂದ ಹಾಗಾಯಿತು. 100 ರೂಪಾಯಿ. ಮೇಲೆ ಉಪ್ಪು ಬೆಣ್ಣೆ ಹಾಕಿದ ಚಹಾ, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಹೊರಡುವಾಗ ನನ್ನ ಫ್ಲಾಸ್ಕ್ ಇಸಿದುಕೊಂಡು ಕುದಿಯುವ ನೀರು ತುಂಬಿಸಿ ಕೊಟ್ಟರು. ಡೋಮ್‌ನಲ್ಲಿ ಕೊಟ್ಟ ತಣ್ಣನೆಯ ಬಫೆಗಿಂತ ಈ ಊಟವೇ ನನಗೆ ನೆನಪಿರುವುದು. ವಾಪಸ್ ಬರುವಾಗಲೂ ಅಲ್ಲೇ ಇಳಿದೆ.

ಇನ್ನು ಕ್ಯಾಮೆರಾ ವಿಷಯ. ನನ್ನದು ಕ್ರಾಪ್ ಸೆನ್ಸರ್ ಕ್ಯಾಮೆರಾ, ಅಂದರೆ ಬೆಳಕು ಹಿಡಿಯುವ ಸೆನ್ಸರ್ ಸ್ವಲ್ಪ ಚಿಕ್ಕದು. ಈ ಪ್ರವಾಸಕ್ಕೆಂದೇ ಒಂದು ದುಬಾರಿ 24 ಎಂಎಂ ಲೆನ್ಸ್ ಬಾಡಿಗೆಗೆ ತಂದಿದ್ದೆ. ಎರಡನೇ ರಾತ್ರಿ ಮನೆಗೆ ಬಂದು ಚಿತ್ರ ದೊಡ್ಡದು ಮಾಡಿ ನೋಡಿದರೆ, ಬಲಗಡೆಯ ನಕ್ಷತ್ರಗಳಿಗೆಲ್ಲ ರೆಕ್ಕೆ ಬಂದಿದೆ. ಎಡಗಡೆ ಮಾತ್ರ ಚುಕ್ಕಿ ಚುಕ್ಕಿಯಾಗಿಯೇ ಇವೆ. ಒಳಗಿನ ಗಾಜು ಎಲ್ಲೋ ಓರೆಯಾಗಿತ್ತು. ಹಗಲಿನ ಫೋಟೊದಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ, ನಕ್ಷತ್ರ ಮಾತ್ರ ಬಚ್ಚಿಡುವುದಿಲ್ಲ. ಬಾಡಿಗೆ ಅಂಗಡಿಯವರು ಕೊನೆಗೂ ಒಪ್ಪಲಿಲ್ಲ. ನೀವು ಲೆನ್ಸ್ ತಂದ ದಿನವೇ ರಾತ್ರಿ ದೂರದ ಒಂದು ಬೀದಿ ದೀಪವನ್ನು ಚೌಕಟ್ಟಿನ ನಾಲ್ಕು ಮೂಲೆಗೂ ಇಟ್ಟು ನಾಲ್ಕು ಫೋಟೊ ತೆಗೆಯಿರಿ. ನಾಲ್ಕೂ ಒಂದೇ ಥರ ಕಾಣಬೇಕು. ಐದು ನಿಮಿಷದ ಕೆಲಸ.

ನನ್ನನ್ನು ಉಳಿಸಿದ್ದು ಹಳೆಯ 14 ಎಂಎಂ ಎಫ್ 2.8 ಲೆನ್ಸ್, ಆಕಾಶದ ಹೆಚ್ಚು ಭಾಗ ಹಿಡಿಯುತ್ತದೆ, ಬೆಳಕನ್ನೂ ಚೆನ್ನಾಗಿ ಒಳಬಿಡುತ್ತದೆ. ಅದರಲ್ಲಿ ಆಟೋ ಫೋಕಸ್ ಕೂಡ ಇಲ್ಲ. ನಕ್ಷತ್ರ ಗೀಟಾಗದ ಹಾಗೆ ಎಷ್ಟು ಸೆಕೆಂಡ್ ಶಟರ್ ತೆರೆದಿಡಬಹುದು ಅಂತ ತಿಳಿಯಲು 500ನ್ನು ಫೋಕಲ್ ಲೆಂತ್‌ನಿಂದ, ಅಂದರೆ ಲೆನ್ಸಿನ ಎಂಎಂ ಸಂಖ್ಯೆಯಿಂದ, ಭಾಗಿಸಿ ಅನ್ನುವ ಲೆಕ್ಕ ಕೇಳಿರುತ್ತೀರಿ. ಕ್ರಾಪ್ ಸೆನ್ಸರ್‌ಗೆ 14ನ್ನು 1.5ರಿಂದ ಗುಣಿಸಿದರೆ 21. 500ನ್ನು 21ರಿಂದ ಭಾಗಿಸಿದರೆ ಸುಮಾರು 24 ಸೆಕೆಂಡ್ ಬರುತ್ತದೆ. ಈ ಲೆಕ್ಕವನ್ನು ಪೂರ್ತಿ ನಂಬಬೇಡಿ. ಈಗಿನ ಸೆನ್ಸರ್‌ಗಳಲ್ಲಿ 24 ಸೆಕೆಂಡ್‌ಗೆ ನಕ್ಷತ್ರ ಸಣ್ಣ ಗೀಟಾಗಿಬಿಡುತ್ತದೆ. ನಾನು 15 ಸೆಕೆಂಡ್‌ಗೆ ನಿಲ್ಲಿಸಿದೆ, ಐಎಸ್‌ಒ 3200. ಒಂದೇ ಜಾಗದಲ್ಲಿ 20 ಫೋಟೊ ತೆಗೆದು, ಆಮೇಲೆ ಸೀಕ್ವೇಟರ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಕೂರಿಸಿದೆ. 20 ಫೋಟೊ ಸೇರಿದಾಗ ಕಾಳು ಕಾಳಾಗಿ ಕಾಣುವ ನಾಯ್ಸ್ ನಾಲ್ಕೂವರೆ ಪಟ್ಟು ಇಳಿಯುತ್ತದೆ. ದುಬಾರಿ ಲೆನ್ಸ್ ಮಾಡದ ಕೆಲಸವನ್ನು ಇದು ಮಾಡಿತು.

ಫೋಕಸ್ ರಿಂಗ್ ಮೇಲಿನ ಅನಂತದ (∞) ಗುರುತನ್ನು ನೆಚ್ಚಿಕೊಳ್ಳಬೇಡಿ. ಗುರು ಗ್ರಹವೋ ಅಭಿಜಿತ್ ನಕ್ಷತ್ರವೋ ಯಾವುದಾದರೂ ಹೊಳೆಯುವುದನ್ನು ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಚುಕ್ಕಿ ಅತಿ ಚಿಕ್ಕದಾಗುವವರೆಗೆ ನಿಧಾನ ತಿರುಗಿಸಿ. ಆಮೇಲೆ ಟೇಪ್ ಸುತ್ತಿಬಿಡಿ. ಗ್ಲೌಸ್ ಹಾಕಿದ ಕೈ ತಾಗಿ ರಿಂಗ್ ಅಲುಗಿದ್ದು ನನಗೆ ಗೊತ್ತೇ ಆಗಲಿಲ್ಲ. ಮೊದಲ ರಾತ್ರಿಯ ಅರವತ್ತು ಫೋಟೊ ಹಾಗೇ ಹೋದವು.

ಗೆಳೆಯನ ಟ್ರ್ಯಾಕರ್ ಕೂಡ ಹೊತ್ತು ತಂದಿದ್ದೆ. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಕ್ಯಾಮೆರಾವನ್ನು ತಿರುಗಿಸುವ ಯಂತ್ರ ಅದು. ಧ್ರುವ ನಕ್ಷತ್ರಕ್ಕೆ ಗುರಿ ಇಟ್ಟರೇನೇ ಕೆಲಸ ಮಾಡುತ್ತದೆ. ಬೆಂಗಳೂರಿನಲ್ಲಿ ಧ್ರುವ ಇರುವುದು ದಿಗಂತದಿಂದ 13 ಡಿಗ್ರಿ ಮೇಲೆ ಅಷ್ಟೇ, ಮನೆಗಳ ಮರೆಯಲ್ಲಿ. ಅಭ್ಯಾಸ ಮಾಡಲು ಆಗಿರಲಿಲ್ಲ. ಹಾನ್ಲೆಯಲ್ಲಿ ಅದು 33 ಡಿಗ್ರಿ ಎತ್ತರದಲ್ಲಿ ಆರಾಮಾಗಿ ಕಾಣುತ್ತದೆ ಅಂದುಕೊಂಡಿದ್ದೆ. ಟ್ರ್ಯಾಕರ್‌ನ ಚಿಕ್ಕ ದುರ್ಬೀನಿನಲ್ಲಿ ಕಣ್ಣಿಟ್ಟರೆ ಎಷ್ಟೊಂದು ನಕ್ಷತ್ರ! ಯಾವುದು ಧ್ರುವ ಅಂತಲೇ ತಿಳಿಯಲಿಲ್ಲ. ಮಂಡಿಯೂರಿ ಕೂತು ನಲವತ್ತು ನಿಮಿಷ ಹುಡುಕಿದೆ. ಉಸಿರು ತಾಗಿ ಗಾಜು ಮಸುಕಾಗುತ್ತಲೇ ಇತ್ತು. ಇಷ್ಟಾಗಿ ಜೋಡಿಸಿದ ಮೇಲೆ ಗಾಳಿ ಬಂದು ಎಲ್ಲವನ್ನೂ ಅಲುಗಿಸಿತು. ಊರಿನಲ್ಲಿ ಹತ್ತು ಸಲವಾದರೂ ಅಭ್ಯಾಸ ಮಾಡದೆ ಟ್ರ್ಯಾಕರ್ ತರಬೇಡಿ.

ಗಾಳಿಗೆ ನಾನು ಕಂಡುಕೊಂಡ ಉಪಾಯ ಬಟ್ಟೆ ಚೀಲ. ಅಲ್ಲೇ ಸಿಗುವ ಕಲ್ಲು ತುಂಬಿಸಿ ಟ್ರೈಪಾಡ್ ನಡುವೆ ಕಟ್ಟಿ. ಚೀಲದ ತಳ ನೆಲಕ್ಕೆ ತಾಗಿರಲಿ, ಇಲ್ಲದಿದ್ದರೆ ಅದೇ ಉಯ್ಯಾಲೆ ಆಡುತ್ತದೆ. ಟ್ರೈಪಾಡ್‌ನ ಕೊನೆಯ ಸಪೂರ ಕಾಲನ್ನು ಎಳೆಯಲೇಬೇಡಿ. ಬ್ಯಾಟರಿ ಮೂರು ಇರಲಿ, ಎರಡು ಅಂಗಿಯ ಒಳಜೇಬಿನಲ್ಲಿ. ಚಳಿಗೆ ಖಾಲಿ ಅಂತ ತೋರಿಸಿದ್ದು ಮೈ ಬಿಸಿ ತಾಗಿದರೆ ಇನ್ನೂ ಸ್ವಲ್ಪ ಹೊತ್ತು ನಡೆಯುತ್ತದೆ.

ಒಂದು ವಿಷಯ ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಉತ್ತರಕ್ಕೆ ಹೋದಷ್ಟೂ ಆಕಾಶಗಂಗೆಯ ನಡುಭಾಗ ತಗ್ಗಿಗೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಅದು 48 ಡಿಗ್ರಿವರೆಗೂ ಏರುತ್ತದೆ, ಹಾನ್ಲೆಯಲ್ಲಿ 28 ಅಷ್ಟೇ. ದಕ್ಷಿಣಕ್ಕೂ ನೈಋತ್ಯಕ್ಕೂ ಬೆಟ್ಟ ಇಲ್ಲದ ಜಾಗವನ್ನು ಹಗಲಲ್ಲೇ ಆರಿಸಿಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಪೂರ್ತಿ ಕತ್ತಲಾಗುವುದು ಏಳೂಮುಕ್ಕಾಲಿಗೆ. ಅಲ್ಲಿಂದ ಒಂಬತ್ತೂವರೆವರೆಗೆ ನಿಮ್ಮ ಸಮಯ. ಜೂನ್‌ನಲ್ಲಿ ಹೋದರೆ ರಾತ್ರಿಯ ಬಹುಪಾಲು ಸಿಗುತ್ತದೆ. ಜನ ಮಾತ್ರ ಜಾಸ್ತಿ, ನನಗೆ ಅದು ಆಗುವುದಿಲ್ಲ. ಒಂದು ಗಾಡಿಯ ಹೆಡ್‌ಲೈಟ್ ಕಣ್ಣಿಗೆ ಬಿದ್ದರೆ ಕತ್ತಲೆಗೆ ಕಣ್ಣು ಮತ್ತೆ ಹೊಂದಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಸೆಪ್ಟೆಂಬರ್ ರಾತ್ರಿಗಳಲ್ಲಿ ಬಯಲಿನಲ್ಲಿ ನಾನೊಬ್ಬನೇ ಇದ್ದೆ. ದೂರದ ಗುಡ್ಡದ ಮೇಲೆ ವಿಜ್ಞಾನಿ ಎಸ್. ಚಂದ್ರಶೇಖರ್ ಹೆಸರಿನ, 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪ್‌ನ ಗುಮ್ಮಟ ಕಪ್ಪಗೆ ಕಾಣುತ್ತಿತ್ತು. ಅದನ್ನು ನಡೆಸುವವರು ನಮ್ಮ ಹೊಸಕೋಟೆಯಲ್ಲಿ ಕೂತಿರುತ್ತಾರೆ ಅನ್ನುವುದು ನೆನಪಾದಾಗ ಆ ಚಳಿಯಲ್ಲೂ ಖುಷಿಯಾಯಿತು.

ಫೋಟೊದಲ್ಲಿ ಆಕಾಶ ಹಸಿರು ಹಸಿರಾಗಿ ಬಂದರೆ ಗಾಬರಿ ಬೇಡ. ಅದು ಗಾಳಿಯ ಮೇಲಿನ ಪದರದ ಆಮ್ಲಜನಕ ತಾನೇ ಮಿನುಗುವ ಬೆಳಕು. ನಾನು ತಿಳಿಯದೆ ವೈಟ್ ಬ್ಯಾಲೆನ್ಸ್ (ಬಣ್ಣ ಸರಿಪಡಿಸುವ ಸೆಟ್ಟಿಂಗ್) ತಿರುಗಿಸುತ್ತಾ ಒಂದು ಗಂಟೆ ಹಾಳು ಮಾಡಿದೆ.

ಕೊನೆಯ ರಾತ್ರಿ ಮೂರೂವರೆಗೆ ಅಲಾರಂ ಇಟ್ಟು ಎದ್ದೆ. ಗಾಳಿ ಪೂರ್ತಿ ನಿಂತಿತ್ತು. ಪೂರ್ವದಲ್ಲಿ ಗೋಪುರದ ಹಾಗೆ ಬೆಳ್ಳನೆಯ ಬೆಳಕು ಎದ್ದು ನಿಂತಿದೆ. ಯಾವುದೋ ಗಾಡಿ ಬರುತ್ತಿದೆ ಅಂದುಕೊಂಡೆ. ಹತ್ತು ನಿಮಿಷ ಕಾದರೂ ಅದು ಅಲ್ಲಾಡಲಿಲ್ಲ. ಆಗ ಹೊಳೆಯಿತು, ಗ್ರಹಗಳ ನಡುವಿನ ಧೂಳಿಗೆ ಸೂರ್ಯನ ಬೆಳಕು ತಾಗಿ ಕಾಣುವ ರಾಶಿಪ್ರಭೆ ಇದು. ಊರಿನಲ್ಲಿ ಒಮ್ಮೆಯೂ ನೋಡಿರಲಿಲ್ಲ. ಅದರ ನಡುವೆ ಶುಕ್ರ ಉರಿಯುತ್ತಿದ್ದ. 14 ಎಂಎಂ ಲೆನ್ಸಿನಲ್ಲಿ ಬುಡದಿಂದ ತುದಿವರೆಗೆ ಒಂದೇ ಚೌಕಟ್ಟಿಗೆ ಬಂತು. ನ್ಯೋಮಾದಲ್ಲಿ ನೀರು ತುಂಬಿಸಿಕೊಟ್ಟಿದ್ದ ಅದೇ ಫ್ಲಾಸ್ಕಿನಲ್ಲಿ ಆಮಾ-ಲೇ ಸಂಜೆ ತುಂಬಿಸಿಕೊಟ್ಟ ನೀರು ಇನ್ನೂ ಬೆಚ್ಚಗಿತ್ತು. ಕುಡಿಯುತ್ತಾ ಬೆಳಗಾಗುವವರೆಗೆ ಅಲ್ಲೇ ನಿಂತಿದ್ದೆ.