ಸಾಂಬ್ರಾದಿಂದ ಕಲಬುರಗಿಗೆ ಎಷ್ಟು ದೂರ?

ನಮ್ಮಕ್ಕನನ್ನು ಕಲಬುರಗಿಗೆ ಕೊಟ್ಟಿದ್ದೇವೆ. ಬೆಳಗಾವಿಯಿಂದ ವಿಜಯಪುರದ ಮೇಲೆ ಹಾಯ್ದು ಹೋದರೆ ರಸ್ತೆಯಲ್ಲಿ 350 ಕಿ.ಮೀ.ಗೂ ಜಾಸ್ತಿ. ಬಸ್ಸಿನಲ್ಲಿ ಇಡೀ ಹಗಲು ಅದಕ್ಕೇ ಹೋಗುತ್ತದೆ. ಇವತ್ತು ಸುಮ್ನೆ ಕೂತು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಕಲಬುರಗಿ ನಿಲ್ದಾಣಕ್ಕೆ ನೇರ ಗೆರೆ ಎಳೆದು ನೋಡಿದೆ. ಸುಮಾರು 300 ಕಿ.ಮೀ. ಅಷ್ಟೇ! ಗಂಟೆಗೆ 500 ಕಿ.ಮೀ. ಹೋಗುವ ಎಟಿಆರ್ ಎಂಬ ಸಣ್ಣ ವಿಮಾನಕ್ಕೆ ಲೆಕ್ಕದಲ್ಲಿ 36 ನಿಮಿಷ, ಆದರೆ ಮೇಲೇರುವಾಗ, ಇಳಿಯುವಾಗ ಅಷ್ಟು ವೇಗ ಇರುವುದಿಲ್ಲ, ರನ್‌ವೇವರೆಗೆ ನೆಲದ ಮೇಲೂ ಓಡಬೇಕು, ಹಾಗಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯಬೇಕು.

ಬೆಂಗಳೂರಿಗೆ ಹೋಗಿ ಅಲ್ಲಿಂದ ಮತ್ತೆ ಉತ್ತರಕ್ಕೆ ಹಾರುವುದೆಂದರೆ ಬೆಳಗಾವಿ–ಬೆಂಗಳೂರೇ ಸುಮಾರು 440 ಕಿ.ಮೀ. ಪಕ್ಕದ ಮನೆಗೆ ಊರೆಲ್ಲ ಸುತ್ತಿ ಹೋದ ಹಾಗೆ, ಅಲ್ವಾ?

ಸಾಂಬ್ರಾ 1942ರ ಕಾಲದ್ದು, ಕಲಬುರಗಿಯಲ್ಲಿ 2019ರಲ್ಲಿ ಶುರುವಾಯಿತು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಮುಖ್ಯ ಕಚೇರಿ ಇಲ್ಲಿ, ಪ್ರಾದೇಶಿಕ ಕಚೇರಿ ಅಲ್ಲಿ. ಓದುವ ಹುಡುಗರು, ವ್ಯಾಪಾರದವರು, ನಮ್ಮಂಥ ಬೀಗರು, ಓಡಾಡುವವರಿಗೆ ಕೊರತೆ ಇಲ್ಲ. ವಾರಕ್ಕೆ ಎರಡು ಸಲ ಒಂದು ಸಣ್ಣ ವಿಮಾನ ನೇರ ಹಾರಿದರೂ ಸಾಕು. ಅವ್ವನಿಗೆ ಈಗ ಮೊಣಕಾಲು ನೋವು, ಅಷ್ಟು ದೂರ ಬಸ್ಸಿನಲ್ಲಿ ಕೂರಲು ಆಗುವುದಿಲ್ಲ.