ನಲವತ್ತೆಂಟು ಅಂಕಿ

2024ರ ಜುಲೈ 19. ಆಷಾಢ ಶುಕ್ರವಾರ. ಹಾಸನದಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ. ಊರಾಚೆ ಇರುವ ನಮ್ಮ ಬಟ್ಟೆ ಕಾರ್ಖಾನೆಯ ಐಟಿ ವಿಭಾಗದಲ್ಲಿ ನಾವು ಇಬ್ಬರೇ. ಹತ್ತು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಸ್ಕ್ರೀನ್ ನೀಲಿಯಾಗಿದೆ ಅಂತ ಅಕೌಂಟ್ಸ್‌ನಿಂದ ಫೋನ್ ಬಂತು. ರೀಸ್ಟಾರ್ಟ್ ಮಾಡಿ ಅಂದೆ. ಫೋನ್ ಇಡುವಷ್ಟರಲ್ಲಿ ಸ್ಟೋರ್ಸ್‌ನವರು, ಆಮೇಲೆ ಪ್ಯಾಕಿಂಗ್‌ನವರು. ನೋಡನೋಡುತ್ತಲೇ ನನ್ನ ಕಂಪ್ಯೂಟರೂ ನೀಲಿಯಾಯಿತು.

ವೈರಸ್ಸೇ ಅಂದುಕೊಂಡೆ. ಕೈಕಾಲು ಆಡಲಿಲ್ಲ.

ವಿಷಯ ಗೊತ್ತಾಗಿದ್ದು ಮೊಬೈಲ್‌ನಲ್ಲಿ. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದು ಕೊಡುತ್ತಿದ್ದರು. ಕಂಪ್ಯೂಟರ್ ಕಾಯಬೇಕಾದ ಕ್ರೌಡ್‌ಸ್ಟ್ರೈಕ್ ಕಂಪನಿಯ ಸಾಫ್ಟ್‌ವೇರ್‌ನ ಅಪ್‌ಡೇಟ್‌ನಲ್ಲೇ ದೋಷ. ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೈಕೊಟ್ಟಿದ್ದವು ಅಂತ ಆಮೇಲೆ ಲೆಕ್ಕ ಬಂತು. ಒಂದೂವರೆ ಗಂಟೆಯೊಳಗೆ ಆ ಅಪ್‌ಡೇಟ್ ವಾಪಸ್ ಪಡೆದರು, ನಿಜ. ಆದರೆ ಆಗಲೇ ಮಲಗಿದ್ದ ಕಂಪ್ಯೂಟರ್‌ಗಳಿಗೆ ಅದರಿಂದ ಏನು ಬಂತು? ಒಂದೊಂದರ ಮುಂದೂ ಕೂತು, ಅಗತ್ಯವಿರುವಷ್ಟೇ ಚಾಲೂ ಆಗುವ ಸೇಫ್ ಮೋಡ್‌ಗೆ ಹೋಗಿ, ಒಂದು ಫೈಲ್ ಅಳಿಸಬೇಕು. ಅದಕ್ಕೂ ಮೊದಲು ಡಿಸ್ಕ್‌ನ ಬೀಗ ತೆಗೆಯಲು 48 ಅಂಕಿಯ ಕೀ. ಆರಾರು ಅಂಕಿಯ ಎಂಟು ಗುಂಪು. ಆ ಕೀಗಳೆಲ್ಲ ಇದ್ದದ್ದು ಸರ್ವರ್‌ನಲ್ಲಿ. ಸರ್ವರೂ ಮಲಗಿತ್ತು.

ಅದನ್ನು ಎಬ್ಬಿಸುವಾಗ ಮೇಲಿನವರೊಬ್ಬರು ಬಾಗಿಲಲ್ಲಿ ನಿಂತು, "ನೀವು ಮೊದಲೇ ನೋಡ್ಕೋಬಾರದಿತ್ತಾ?" ಅಂದರು. ತುಂಬಾ ನೋವಾಯಿತು. ಎರಡು ತಿಂಗಳ ಹಿಂದೆ ಅವರೇ ಕೇಳಿದ್ದರು, ಎಲ್ಲ ಸರಿಯಾಗೇ ನಡೀತಿದೆಯಲ್ಲ, ಐಟಿಗೆ ಇಬ್ಬರು ಯಾಕೆ ಬೇಕು ಅಂತ. ಎಲ್ಲ ಸರಿಯಾಗಿ ನಡೆಯುವುದೇ ನಮ್ಮ ಕೆಲಸ ಅಲ್ವಾ?

ಎರಡು ಕಿಲೋಮೀಟರ್ ದೂರದ ಗೋಡೌನ್‌ನಿಂದ ಸಂಜೆ ಕಂಟೇನರ್ ಹೊರಡಬೇಕಿತ್ತು. ಬಾರ್‌ಕೋಡ್ ಸ್ಟಿಕರ್ ಪ್ರಿಂಟ್ ಆಗದೆ ಒಂದು ಡಬ್ಬವೂ ಲೋಡ್ ಆಗುವಂತಿಲ್ಲ. ಅಲ್ಲಿಗೆ ಹೋಗೋಣ ಅಂದರೆ ಇಲ್ಲಿ ಬಿಡುವಿಲ್ಲ. ಅಲ್ಲಿದ್ದ ಪ್ಯಾಕಿಂಗ್ ಸೂಪರ್‌ವೈಸರ್ ಅಕ್ಕನಿಗೆ ಫೋನ್ ಹಚ್ಚಿದೆ. ಕೀ ಹೇಳಲು ಶುರು ಮಾಡಿದರೆ ಅವರೇ ತಡೆದರು.

"ಇಂಗ್ಲಿಷಲ್ಲಿ ಬೇಡಪ್ಪ. ಫೈವೂ ನೈನೂ ಒಂದೇ ತರ ಕೇಳ್ಸುತ್ತೆ. ಕನ್ನಡದಲ್ಲಿ ಹೇಳು."

ಐದು, ಒಂಬತ್ತು, ಸೊನ್ನೆ, ಮೂರು... ಆರು ಅಂಕಿ ಆದ ಕೂಡಲೇ ನಿಲ್ಲಿಸುತ್ತಿದ್ದೆ. ಅವರು ರಟ್ಟಿನ ಮೇಲೆ ಮಾರ್ಕರ್‌ನಲ್ಲಿ ಬರೆದುಕೊಂಡು ತಿರುಗಿ ಓದುತ್ತಿದ್ದರು. ಹಿಂದೆ ಶೀಟಿನ ಮೇಲೆ ಮಳೆ ಸದ್ದು. ಐದನೇ ಗುಂಪಿನಲ್ಲಿ ಒಂದು ಅಂಕಿ ತಪ್ಪಿತು. ಮತ್ತೆ ಮೊದಲಿನಿಂದ ಹೇಳಿದೆ. ಆಮೇಲೆ ಆ ಫೈಲ್‌ನ ಹೆಸರನ್ನು ಒಂದೊಂದೇ ಅಕ್ಷರ ಓದಿಸಿ ಅಳಿಸಿಸಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು ಕೂಗಿಯೇಬಿಟ್ಟರು, "ಬಂತಪ್ಪಾ! ಹಾಸನಾಂಬೆ ಫೋಟೋ ಬಂತು!" ಅವರ ಸ್ಕ್ರೀನಿನಲ್ಲಿ ಯಾವಾಗಲೂ ಅಮ್ಮನವರ ಫೋಟೋ.

ಕಂಪನಿಗೆ ಸೇರಿ ಆರು ವರ್ಷವಾಗಿತ್ತು. ಅಷ್ಟು ಸಂತೋಷ ಹಿಂದೆ ಯಾವತ್ತೂ ಆಗಿರಲಿಲ್ಲ. ಆ ರಟ್ಟು ಹರಿದು ಹಾಕಿ ಅಕ್ಕ ಅಂದೆ, ಗಂಟಲು ಕಟ್ಟಿತ್ತು.

ರಾತ್ರಿ ಒಂಬತ್ತಕ್ಕೆ ಕಂಟೇನರ್ ಹೊರಟಿತು. ಗೋಡೌನ್‌ನ ಡ್ರೈವರ್ ಒಂದು ಸ್ಟೀಲ್ ಡಬ್ಬಿ ತಂದುಕೊಟ್ಟ. ಆಷಾಢ ಶುಕ್ರವಾರದ ಪ್ರಸಾದ, ಪುಳಿಯೋಗರೆ. ಬೆಳಿಗ್ಗೆಯೇ ಕಟ್ಟಿಕೊಂಡು ಬಂದಿದ್ದನ್ನು ಅಕ್ಕ ನಮಗೆ ಅಂತ ಎತ್ತಿಟ್ಟಿದ್ದರು. ಸರ್ವರ್ ರೂಮಿನ ಹೊರಗೆ ನೆಲದ ಮೇಲೆ ಕೂತು ಇಬ್ಬರೂ ತಿಂದೆವು. ಕೈ ತೊಳೆದು, ಬಾಕಿ ಕಂಪ್ಯೂಟರ್‌ಗಳ ಪಟ್ಟಿ ಹಿಡಿದು ಮೇಲಿನ ಮಹಡಿಗೆ ಹೋದೆವು.